ಎರಡನೇ ನಂಬರಿನ ಎರಡು ನಕ್ಷೆಗಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ನನ್ನನ್ನು ಶನಿವಾರಸಂತೆಯ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟರಾಗಿ ಹಾಕಿದರು. ಡ್ರಾಯಿಂಗ್ ಮೇಷ್ಟರಿಗೆ ಶಾಲೆಯಲ್ಲಿ ಕೆಲಸ ಕಡಿಮೆ, ಮರ್ಯಾದೆ ಅದಕ್ಕಿಂತ ಕಡಿಮೆ. ಮಧ್ಯಾಹ್ನದ ಹೊತ್ತು ಸಂತೆಮಾಳದ ದಾರಿಯಲ್ಲಿದ್ದ ಕುಲುಮೆಯೊಂದರ ಮುಂದೆ ಹೋಗಿ ಕೂರುವುದು ನನಗೆ ರೂಢಿಯಾಯಿತು. ಕುಲುಮೆಯ ಆಚಾರರು ನನಗಿಂತ ಹತ್ತು ವರ್ಷ ದೊಡ್ಡವರು. ಮಾತು ಕಡಿಮೆ. ನಾನು ಕೂತಿದ್ದರೆ ಬೇಡವೆನ್ನುತ್ತಿರಲಿಲ್ಲ.

ಒಂದು ದಿನ ಯಾವುದೋ ಎಸ್ಟೇಟಿನವರು ಹಳೆಯ ಪಲ್ಪರ್ ಒಂದನ್ನು ರಿಪೇರಿಗೆ ತಂದು ಇಳಿಸಿದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಅದು. ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜಕ್ಕೆ ಒಳ್ಳೆಯ ಬೆಲೆ. ಆದರೆ ಪಲ್ಪರ್ ಇದ್ದದ್ದು ದೊಡ್ಡ ಎಸ್ಟೇಟುಗಳಲ್ಲಿ ಮಾತ್ರ. ಎರಡು ಮೂರು ಎಕರೆಯವರು ಹಣ್ಣನ್ನು ಇಡಿಯಾಗಿಯೇ ಒಣಗಿಸಿ ಕೊಡಬೇಕಿತ್ತು. ಆಚಾರರು ಆ ಯಂತ್ರವನ್ನು ಬಿಚ್ಚಿ, ಒಂದೊಂದೇ ಭಾಗವನ್ನು ತಿರುಗಿಸಿ ನೋಡಿದರು.

"ಇದನ್ನ ನಾನೂ ಮಾಡ್ಬೋದು ಮೇಷ್ಟ್ರೆ. ಮರದ ಉರುಳೆ, ಮ್ಯಾಲೆ ತಾಮ್ರದ ತಗಡು, ತಿರುವಕ್ಕೊಂದು ಹಿಡಿ. ಅಳತೆ ಮಾತ್ರ ಕಾಗದದ ಮ್ಯಾಲೆ ಬೇಕು ನಂಗೆ."

ಮೂರು ಭಾನುವಾರ ಕೂತು ಬರೆದೆ. ದೊಡ್ಡ ಯಂತ್ರವನ್ನು ಕೈಯಲ್ಲಿ ತಿರುಗಿಸುವಷ್ಟಕ್ಕೆ ಕುಗ್ಗಿಸಿದೆವು. ಮೊದಲ ಪಲ್ಪರ್ ಪಕ್ಕದ ಹಳ್ಳಿಯ ಒಬ್ಬರ ಮನೆಗೆ ಹೋಯಿತು. ಅದು ಚೆನ್ನಾಗಿಯೇ ಕೆಲಸ ಮಾಡಿತು. ಮರುವರ್ಷ ಸಂತೆಗೆ ಬಂದವರೆಲ್ಲ ಕೇಳತೊಡಗಿದಾಗ ಆಚಾರರು ನನಗೆ ಹೇಳಿದರು: "ನಾನೊಬ್ನೇ ಎಷ್ಟು ಅಂತ ಮಾಡ್ಲಿ? ಅವರೂರಲ್ಲೂ ಕುಲುಮೆ ಇರ್ತದೆ. ಕಾಗದ ಕೊಟ್ಬಿಡಿ, ಮಾಡಿಸ್ಕೊಳ್ಲಿ."

ಹಾಗೆ ನಕ್ಷೆ ಊರೂರಿಗೆ ಹೋಯಿತು. ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆದ ಮೂಲಪ್ರತಿ ನನ್ನ ಬಳಿ. ಅದನ್ನು ಗಾಜಿನ ಚೌಕಟ್ಟಿನೊಳಗೆ ಬ್ಲೂಪ್ರಿಂಟ್ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ ನೀಲಿಯ ಮೇಲೆ ಬಿಳಿ ಗೆರೆಗಳು ಮೂಡುತ್ತಿದ್ದವು. ಮೂಲೆಯಲ್ಲಿ ನಾನು ಎರಡು ಸಾಲು ಬರೆದಿದ್ದೆ: "ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು. ಏನಾದರೂ ಬದಲಿಸಿದರೆ ನನಗೆ ಬರೆದು ತಿಳಿಸಿ." ಅದರ ಕೆಳಗೆ ನನ್ನ ವಿಳಾಸ, ಹಾಳೆಯ ನಂಬರು: ಒಂದು.

ಜನ ನಿಜಕ್ಕೂ ಬರೆದರು. ಶಿರಂಗಾಲದ ಬಡಗಿಯೊಬ್ಬರು, ಉರುಳೆಯ ಅಚ್ಚು ತಿರುಗುವ ಜಾಗದಲ್ಲಿ ಮರ ಸವೆಯುತ್ತದೆ, ಕಬ್ಬಿಣದ ಬಳೆ ಕೂರಿಸಿ ಎಂದು ಕಾರ್ಡು ಹಾಕಿದರು. ಆಚಾರರಿಗೆ ಓದಿ ಹೇಳಿದೆ, ಒಪ್ಪಿದರು. ಅದೇ ಸಲ ಅವರೂ ಒಂದು ಸೇರಿಸಿದರು. ಹಣ್ಣು ಸುರಿಯುವ ಬಾಯಿಗೆ ಅಡ್ಡಲಾಗಿ ಮೂರು ಕಂಬಿ.

"ಯಾಕೆ?" ಎಂದೆ.

"ಇರ್ಲಿ ಬರೀರಿ. ಕೈ ಒಳಕ್ಕೆ ಹೋಗ್ಬಾರ್ದು."

ಬಳೆಯನ್ನೂ ಕಂಬಿಯನ್ನೂ ಹಾಕಿ ಹೊಸ ಹಾಳೆ ಬರೆದೆ, ನಂಬರ್ ಎರಡು ಎಂದು ಗುರುತು ಹಾಕಿದೆ. ಕಂಬಿ ಯಾಕೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಅಷ್ಟು ಸಣ್ಣ ವಿಷಯವನ್ನು ಬರೆಯುವುದೇಕೆ ಅನಿಸಿತ್ತು.

ಆ ಹೊತ್ತಿಗೆ ವಾರಕ್ಕೆ ಎರಡು ಮೂರು ಕಾಗದ ಬರುತ್ತಿದ್ದವು. ಹೆಡ್ಮಾಸ್ಟರು ಕೂಡ ನನ್ನನ್ನು ಪಲ್ಪರ್ ಮೇಷ್ಟ್ರು ಎಂದು ಕರೆಯತೊಡಗಿದ್ದರು. ಅದು ತಮಾಷೆಗೆ ಹೇಳಿದ್ದೇ ಇರಬಹುದು, ನನಗೆ ಹಿತವಾಗಿತ್ತು. ಕುಲುಮೆಗೆ ಹೋಗುವುದು ಕಡಿಮೆಯಾಯಿತು. ನಕ್ಷೆ ನನ್ನದೇ ಎಂಬ ಭಾವನೆ ಯಾವಾಗ ಬಂತೋ ತಿಳಿಯದು.

ಹುದಿಕೇರಿಯ ಸಣ್ಣ ಬೆಳೆಗಾರರೊಬ್ಬರು ಮೂರು ಸಲ ಬರೆದರು. ಕಂಬಿಗೆ ಎಲೆ, ಕಡ್ಡಿ ಸಿಕ್ಕಿ ಹಣ್ಣು ಇಳಿಯುವುದಿಲ್ಲ, ಗಳಿಗೆಗೊಮ್ಮೆ ನಿಲ್ಲಿಸಬೇಕಾಗುತ್ತದೆ, ತಾನಂತೂ ಕಂಬಿ ಕೀಳಿಸಿದ್ದೇನೆ, ಕೆಲಸ ಇಮ್ಮಡಿ ಸಾಗುತ್ತಿದೆ. ಮೂರನೆಯ ಕಾಗದದಲ್ಲಿ ಸ್ವಲ್ಪ ಸಿಟ್ಟೇ ಇತ್ತು. ಮಳೆ ಕಳೆದು ಬಿಸಿಲು ಬಿದ್ದ ಒಂದು ಬೆಳಿಗ್ಗೆ ನಾನು ಬ್ಲೇಡು ತೆಗೆದುಕೊಂಡು ಮೂಲಪ್ರತಿಯ ಮೇಲಿದ್ದ ಆ ಮೂರು ಕಂಬಿಯ ಗೆರೆಗಳನ್ನು ಕೆರೆದುಹಾಕಿದೆ. ಐದು ನಿಮಿಷದ ಕೆಲಸ. ಮೂರನೇ ನಂಬರಿನ ಹೊಸ ಹಾಳೆ ಬರೆಯಬೇಕಾದರೆ ಇಡೀ ಭಾನುವಾರ ಬೇಕಿತ್ತು. ನಂಬರು ಎರಡೇ ಉಳಿಯಿತು. ಅಂದೇ ಏಳೋ ಎಂಟೋ ಪ್ರಿಂಟು ತೆಗೆದು ಅಂಚೆಗೆ ಹಾಕಿದೆ, ಆ ಕೊಯ್ಲಿಗೆ ಮುಂಚೆ ಕಳಿಸಿದ್ದು ಅಷ್ಟೇ. ಆಚಾರರಿಗೆ ಹೇಳೋಣವೆಂದುಕೊಂಡೆ. ಅವರು ಬೇಡವೆಂದಾರು ಎಂಬ ಅಳುಕಿಗೆ ಹೇಳದೇ ಬಿಟ್ಟೆ.

ಆ ಕೊಯ್ಲಿನ ನಡುವೆ, ಒಂದು ಶನಿವಾರ, ಕುಲುಮೆಯಿಂದ ನನಗೆ ಕರೆ ಬಂತು. ಹೋದಾಗ ಆಚಾರರ ಎದುರು ಅಪರಿಚಿತರೊಬ್ಬರು ನಿಂತಿದ್ದರು. ಮಡಿಕೇರಿಯ ಆಚೆ, ಪಡುವಣ ಬೆಟ್ಟದ ಕಡೆಯ ಗೌಡರು. ಮನೆಮಾತು ಅರೆಭಾಷೆ, ನಮ್ಮ ಜೊತೆ ಕನ್ನಡದಲ್ಲಿ ಮಾತಾಡಿದರು.

"ನಿಮ್ಮ ಪಲ್ಪರಲ್ಲಿ ನನ್ನ ಹೆಂಡ್ತಿಯ ಎರಡು ಬೆರಳು ಹೋಯ್ತು ಮಾಷ್ಟ್ರೆ. ಬಲಗೈದು. ಜಗಳಕ್ಕೆ ಬಂದದ್ದಲ್ಲ. ನಮ್ಮ ಪಕ್ಕದ ಮನೆಯವರೂ ಇದೇ ಕಾಗದ ಕೊಟ್ಟು ಮಾಡಿಸ್ತಾ ಇದ್ದಾರೆ. ಇದು ಸರಿ ಉಂಟಾ ಇಲ್ಲೆಯಾ ಅಂತ ಕೇಳುವ ಅಂತ ಬಂದೆ."

ಅವರು ಅಂಗಿಯ ಜೇಬಿನಿಂದ ಪ್ರಿಂಟನ್ನು ತೆಗೆದು ಬಿಡಿಸಿದರು. ಆಚಾರರು ಗೋಡೆಗೆ ಹೊಡೆದಿದ್ದ ತಮ್ಮ ಪ್ರಿಂಟನ್ನು ಕಿತ್ತು ತಂದು ಪಕ್ಕದಲ್ಲಿಟ್ಟರು. ಎರಡರ ಮೂಲೆಯಲ್ಲೂ ನಂಬರ್ ಎರಡು. ಒಂದರ ಬಾಯಿಗೆ ಕಂಬಿ ಇತ್ತು, ಇನ್ನೊಂದರ ಬಾಯಿ ಬರಿದಾಗಿತ್ತು. ಆಚಾರರಿಗೆ ಓದು ಅಷ್ಟಾಗಿ ಬಾರದು, ನಕ್ಷೆ ಚೆನ್ನಾಗಿ ಬರುತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿದರು.

ನಾನು ಸುಳ್ಳು ಹೇಳಿದೆ. "ಬಿಸಿಲು ಹೆಚ್ಚಾಗಿ ಗೆರೆ ಸುಟ್ಟುಹೋಗಿರಬೇಕು."

ಆಚಾರರು ಆ ಜಾಗದ ಮೇಲೆ ಬೆರಳಿಟ್ಟರು. ಬ್ಲೇಡು ಆಡಿದ್ದ ಕಡೆ ನೀಲಿ ಸ್ವಲ್ಪ ಮಸುಕಾಗಿತ್ತು. "ಉಳಿದ ಗೆರೆಯೆಲ್ಲಾ ನೆಟ್ಟಗವೆ. ಕಂಬಿ ಮಾತ್ರ ಸುಟ್ಟೋಯ್ತಾ ಮೇಷ್ಟ್ರೆ?"

ಗೌಡರು ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದರು.

"ನಾನೇ ಕೆರೆದೆ," ಎಂದೆ. "ಎಲೆ ಸಿಕ್ಕಿಕೊಳ್ಳುತ್ತೆ ಅಂತ ಹುದಿಕೇರಿಯವರು ಬರೆದಿದ್ದರು."

"ಆ ಕಂಬಿನ ನಾನು ಚಂದಕ್ಕೆ ಹಾಕಿದ್ನಾ?" ಆಚಾರರ ದನಿ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಎಸ್ಟೇಟಲ್ಲಿ ಒಬ್ಬಳ ಕೈ ಮುಂಗೈವರೆಗೂ ಹೋಗಿದ್ದನ್ನ ನಾನು ಕಣ್ಣಾರೆ ಕಂಡೋನು. ಮಿಶನ್ ಬಿಚ್ಚಿ ಕೈ ತೆಗೆದೋನೂ ನಾನೇ. ನನ್ನ ಒಂದು ಮಾತು ಕೇಳ್ಬೋದಿತ್ತು."

ಅವರು ಕುಲುಮೆಗೆ ಕಬ್ಬಿಣ ಹಾಕಿ ಆರು ಕಂಬಿ ಕಾಯಿಸಿ ಬಡಿದು, ಗೌಡರ ಕೈಗೆ ಕೊಟ್ಟರು. ಮೂರು ಅವರಿಗೆ, ಮೂರು ಪಕ್ಕದ ಮನೆಗೆ. ನನ್ನ ಕಡೆ ತಿರುಗಲಿಲ್ಲ.

ಮರುದಿನ ಬಸ್ಸು ಹಿಡಿದು ಆ ಊರಿಗೆ ಹೋದೆ. ಗೌಡರ ಹೆಂಡತಿ ಕಣದಲ್ಲಿ ಕೂತು ಎಡಗೈಯಲ್ಲಿ ಬೀಜ ಹರಡುತ್ತಿದ್ದರು. ಬಲಗೈಗೆ ಬಟ್ಟೆ ಸುತ್ತಿತ್ತು. ಮೂವತ್ತರ ಆಸುಪಾಸಿನವರು. ನಾನು ಯಾರೆಂದು ಗೌಡರು ಹೇಳಿದ ಮೇಲೂ ಕೆಲಸ ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕಂಬಿ ಇದ್ದದ್ದು, ತೆಗೆದದ್ದು, ಯಾರನ್ನೂ ಕೇಳದಿದ್ದದ್ದು, ನಿನ್ನೆಯ ಸುಳ್ಳು ಕೂಡ.

"ಎಲೆ ಸಿಕ್ಕುದು ಹೌದು," ಎಂದರು ಅವರು. "ಕಂಬಿ ಇದ್ದಿದ್ರೆ ಎಲೆ ಮೇಲೆಯೇ ನಿಲ್ತಿತ್ತು. ಬೈಕೊಂಡು ತೆಗೀತಿದ್ದೆ. ಇಲ್ಲದ್ದಕ್ಕೆ ಕೆಳಗೆ ಹೋಗಿ ಉರುಳೆಗೆ ಸಿಕ್ಕಿತು. ತೆಗಿಲಿಕ್ಕೆ ಕೈ ಹಾಕಿದೆ. ಅಲ್ಲಿ ಒಂದು ಕಂಬಿ ಇರ್ಬೇಕು ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಮಾಷ್ಟ್ರೆ? ಕಾಗದದಲ್ಲಿ ಇಲ್ಲೆಯಲ್ಲ."

ಕ್ಷಮಿಸಿ ಎಂದೆ. ಅವರು ಬೀಜ ಹರಡುವುದನ್ನು ಮುಂದುವರಿಸಿದರು. ಕಾಫಿ ತಂದುಕೊಟ್ಟವರು ಗೌಡರು. ಆ ಲೋಟ ಖಾಲಿ ಮಾಡುವುದು ನನಗೆ ಬಹಳ ಕಷ್ಟವಾಯಿತು.

ಊರಿಗೆ ಮರಳಿ ಬಂದು ನಕ್ಷೆ ಕಳಿಸಿದವರಿಗೆಲ್ಲ ಬರೆಯೋಣವೆಂದು ಕೂತಾಗ ಇನ್ನೊಂದು ಸಂಗತಿ ಗೊತ್ತಾಯಿತು. ಯಾರಿಗೆ ಕಳಿಸಿದೆ ಎಂಬ ಪಟ್ಟಿ ನನ್ನ ಬಳಿ ಇರಲಿಲ್ಲ. ಬಂದ ಕಾಗದಗಳನ್ನು ಓದಿ, ಉತ್ತರ ಬರೆದು, ಎಷ್ಟೋ ಸಲ ಒಲೆಗೆ ಹಾಕಿದ್ದೆ. ಮೂಲಪ್ರತಿಯೂ ಕೆರೆದುಹೋಗಿತ್ತು. ಕಂಬಿಯ ಅಳತೆ ತಿಳಿಯಲು ಆಚಾರರ ಗೋಡೆಯ ಪ್ರಿಂಟೇ ಗತಿ. ಅದನ್ನು ಕೇಳಲು ಹೋದಾಗ ಅವರು ಕೊಟ್ಟರು, ಆದರೆ "ನಾಳೆ ವಾಪಸ್ ತನ್ನಿ" ಎಂದರು. ಅಲ್ಲಿಯವರೆಗೆ ನನಗೆ ಅವರು ಯಾವುದಕ್ಕೂ ಗಡುವು ಇಟ್ಟವರಲ್ಲ.

ಮುಂದಿನ ರಜೆಯಲ್ಲಿ ಹುದಿಕೇರಿಗೆ ಹೋದೆ. ಅಲ್ಲಿನ ಬೆಳೆಗಾರರು ನನ್ನನ್ನು ಆದರದಿಂದಲೇ ಕೂರಿಸಿದರು. ಬೆರಳಿನ ವಿಷಯ ಕೇಳಿ ಮುಖ ಸಣ್ಣದಾಯಿತು. ಆದರೆ ಕಂಬಿ ಹಾಕಿಸಿ ಎಂದಾಗ ತಲೆಯಾಡಿಸಿದರು.

"ನೋಡಿ ಮಾಸ್ಟರೆ, ನನ್ನ ಮಿಶನ್ನಿಗೆ ನಾನೇ ಹಣ್ಣು ಹಾಕುವುದು. ಬೇರೆಯವರನ್ನು ಹತ್ರ ಬಿಡುದಿಲ್ಲ. ಕಂಬಿ ಬೇಡ ಅಂತ ಕೇಳಿದ್ದು ನಾನು, ಅದು ಸತ್ಯ. ಎಲ್ಲರ ಕಾಗದದಿಂದ ತೆಗೆದದ್ದು ಯಾರು?"

ನನಗೆ ಬರೆದು ತಿಳಿಸಿ ಎಂದು ನಾನೇ ಬರೆದಿದ್ದೆ, ಅವರು ತಿಳಿಸಿದ್ದರು. ತಮ್ಮ ಯಂತ್ರವನ್ನು ತಮಗೆ ಬೇಕಾದಂತೆ ಮಾಡಿಕೊಳ್ಳುವ ಹಕ್ಕು ಅವರಿಗಿತ್ತು. ಅದನ್ನು ಎಲ್ಲರ ಯಂತ್ರಕ್ಕೂ ಹಚ್ಚಿದ್ದು ನಾನು. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ನನ್ನ ಪ್ರಿಂಟನ್ನು ನೋಡಿ ಅವರೇ ಪೆನ್ಸಿಲ್ಲಿನಲ್ಲಿ, ಕಂಬಿ ಬಿಟ್ಟು, ಮೂರು ಪ್ರತಿ ಬರೆದು ನೆಂಟರಿಗೆ ಕೊಟ್ಟಿದ್ದರು. ಆ ಮೂರು ಮನೆಯ ದಾರಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅದೊಂದು ಉಪಕಾರ.

ಆ ವರ್ಷದ ರಜೆಗಳೆಲ್ಲ ನೆನಪಿದ್ದ ಊರುಗಳನ್ನು ಹುಡುಕುತ್ತಾ ಬಸ್ಸಿನಲ್ಲೂ ಕಾಲುದಾರಿಯಲ್ಲೂ ಹೋದವು. ಕೆಲವರು ಹಳೆಯ ಹಾಳೆ ಕೊಟ್ಟು ಹೊಸದನ್ನು ಇಸಿದುಕೊಂಡರು. ಕೆಲವರು ಯಂತ್ರ ಮಾಡಿಸಿಯೇ ಇರಲಿಲ್ಲ. ಒಬ್ಬರ ಮನೆಯಲ್ಲಿ ಪ್ರಿಂಟನ್ನು ಪಾತ್ರೆಯ ಕಪಾಟಿಗೆ ಹಾಸಿದ್ದರು. ಅದನ್ನು ಕಂಡು ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಹೊಸ ಹಾಳೆಗೆ ಮೂರನೇ ನಂಬರು ಕೊಟ್ಟೆ. ಕಂಬಿಯ ಪಕ್ಕದಲ್ಲಿ "ಇದನ್ನು ತೆಗೆಯಬಾರದು, ಕೈ ಉರುಳೆಗೆ ಸಿಗುತ್ತದೆ" ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಅಲ್ಲಿಂದಾಚೆಗೆ ಮೂಲಪ್ರತಿಯನ್ನು ಕೆರೆಯಲಿಲ್ಲ. ಏನೇ ಬದಲಾದರೂ ಹೊಸ ಹಾಳೆ, ಹಳೆಯದು ಕಟ್ಟಿನಲ್ಲಿ. ಉದ್ದನೆಯ ನೋಟ್‌ಬುಕ್ ಒಂದರಲ್ಲಿ ಏನು ಬದಲಾಯಿತು, ಯಾರು ಕೇಳಿದರು, ಯಾಕೆ, ಯಾರು ನೋಡಿ ಒಪ್ಪಿದರು, ಯಾರಿಗೆ ಕಳಿಸಿದೆ ಎಂದು ಬರೆಯತೊಡಗಿದೆ. ಪ್ರತಿ ಶನಿವಾರ ಅದನ್ನು ಕುಲುಮೆಗೆ ಒಯ್ದು ಆಚಾರರಿಗೆ ಓದುತ್ತಿದ್ದೆ. ಅವರು ಕೆಲಸ ಮಾಡುತ್ತಲೇ ಕೇಳುತ್ತಿದ್ದರು. "ಆಗ್ಲಿ," ಅಥವಾ "ಬ್ಯಾಡ." ಅದಕ್ಕಿಂತ ಹೆಚ್ಚು ಮಾತಿಲ್ಲ. ಒಂದು ಸಲ, ಉರುಳೆಯ ಪಕ್ಕದ ಹಲಗೆಯಲ್ಲಿ ಕಡ್ಡಿ ತೂರುವಷ್ಟು ತೂತು ಇರಲಿ, ಎಲೆಯನ್ನು ಅಲ್ಲಿಂದ ತಳ್ಳಬಹುದು ಎಂದು ಗೌಡರ ಕಾಗದ ಬಂತು. ಹೇಳಿದ್ದು ಹೆಂಡತಿ ಎಂದು ಕೆಳಗೆ ಬರೆದಿದ್ದರು. ಅದನ್ನು ಓದಿದಾಗ ಆಚಾರರು ಸುತ್ತಿಗೆ ಕೆಳಗಿಟ್ಟು ಎರಡನೆಯ ಸಲ ಓದಿಸಿದರು. "ಇದು ನಂಗೆ ಹೊಳೀಲಿಲ್ಲ," ಎಂದರು. ನಾಲ್ಕನೇ ನಂಬರಿನ ಹಾಳೆ ಅದು.

ಎರಡು ವರ್ಷದ ಮೇಲೆ ನನಗೆ ಬಯಲುಸೀಮೆಗೆ ವರ್ಗವಾಯಿತು. ಹಾಳೆಗಳ ಕಟ್ಟನ್ನೂ ನೋಟ್‌ಬುಕ್ಕನ್ನೂ ಆಚಾರರಿಗೆ ಕೊಟ್ಟೆ. ಸೊಸೆಗೆ ಓದು ಬರುತ್ತದೆ, ಅವಳು ನೋಡಿಕೊಳ್ಳುತ್ತಾಳೆ ಎಂದರು. ಒಂದು ಪುಟದ ಕೊನೆಯಲ್ಲಿ ನಾನು ಬರೆದಿಟ್ಟದ್ದನ್ನು ತೋರಿಸಿ ಹೇಳಿದೆ: ಪೆನ್ಸಿಲ್ಲಿನ ಮೂರೂ ಪ್ರತಿ, ಕಂಬಿಯಿಲ್ಲದ ಪ್ರಿಂಟುಗಳಲ್ಲಿ ಏಳು ಸಿಕ್ಕಿವೆ. ನಾನು ಕಳಿಸಿದ್ದು ಏಳೋ ಎಂಟೋ ನನಗೆ ನೆನಪಿಲ್ಲ.

"ಎಂಟು ಅಂತಾನೆ ತಿಳ್ಕೊಳಿ," ಎಂದರು ಆಚಾರರು. "ಯಾರಾದ್ರೂ ಕಾಗದ ತಂದ್ರೆ ನಾನು ಮೊದ್ಲು ಅದ್ರಲ್ಲಿ ಪಲ್ಪರ್ ಬಾಯಿ ನೋಡ್ತೀನಿ."

ಬಸ್ಸಿನವರೆಗೆ ಬರಲಿಲ್ಲ, ಕುಲುಮೆಯ ಬಾಗಿಲಲ್ಲೇ ಕೈ ಮುಗಿದರು. ಆಮೇಲೆ ಎರಡು ಸಲ ನಾನು ಕಾಗದ ಬರೆದೆ. ಸೊಸೆಯ ಅಕ್ಷರದಲ್ಲಿ ಉತ್ತರ ಬಂತು, ಎರಡೂ ಸಲ ಅದೇ ಒಂದು ಸಾಲು: ಎಂಟನೆಯದನ್ನು ಇನ್ನೂ ಯಾರೂ ತಂದಿಲ್ಲ.