ಬಿಚ್ಚದ ಚಪ್ಪರ

ಹಸಿ ತೆಂಗಿನ ಗರಿಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಮೊದಲು ಬರುವುದು ಅನುಮಾನ. ಯಾರದೋ ಬಾಗಿಲಲ್ಲಿ ಚಪ್ಪರ ಏಳುತ್ತಿದೆ, ಮದುವೆಯೋ, ಸಾವೋ? ಎರಡಕ್ಕೂ ಗರಿ ಅದೇ. ಕೆಲಸ ಮುಗಿದ ಮೇಲೆ ಬಿಚ್ಚಲೇಬೇಕು, ಇಲ್ಲದಿದ್ದರೆ ಇನ್ನೊಂದನ್ನು ಕರೆಯುತ್ತದೆ ಎನ್ನುತ್ತಿದ್ದಳು ನಮ್ಮವ್ವ. ಅದಕ್ಕೇ ಅಪ್ಪ ಜಯನಗರದಲ್ಲಿ ಮನೆ ಕಟ್ಟಿಸಿ, ಮುಂಬಾಗಿಲಿಗೆ ಕಾಂಕ್ರೀಟಿನ ಮಾಡು ಇಳಿಸಿದಾಗ ಅವಳ ಮುಖ ಬಿಗಿಯಿತು.

"ಇದು ಪೋರ್ಟಿಕೋ ಕಣೇ. ದೊಡ್ಡೋರ ಮನೇಲೆಲ್ಲಾ ಇರುತ್ತೆ, ಕಾರ್ ನಿಲ್ಸೋಕೆ" ಎಂದ ಅಪ್ಪ. ಅವನಿಗಿದ್ದದ್ದು ಸೈಕಲ್ಲು.

"ಕಂಬ ನೆಟ್ಟು ಮೇಲೆ ಮುಚ್ಚಿದ್ರೆ ಚಪ್ಪರ ಅಲ್ದೆ ಇನ್ನೇನ್ರೀ? ಇದನ್ನ ಬಿಚ್ಚೋರ್ಯಾರು?"

"ಹೋಗೇ, ನಿನ್ನ ತಲೆ!"

ಅಂದಿನಿಂದ ಅವ್ವ ಅದರ ಕೆಳಗೆ ಕಾಲಿಡಲಿಲ್ಲ. ಮನೆಗೂ ಕಾಂಪೌಂಡ್ ಗೋಡೆಗೂ ನಡುವಿನ ಓಣಿಯಲ್ಲಿ ಸುತ್ತಿ ಅಡುಗೆಮನೆಯ ಬಾಗಿಲಿನಿಂದ ಒಳಬರುತ್ತಿದ್ದಳು. ಸಂಜೆ ಬೀದಿಯ ಹೆಂಗಸರೆಲ್ಲ ಪೋರ್ಟಿಕೋದ ತಣ್ಣನೆಯ ಕೆಂಪು ನೆಲದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆ ಸೊಗಡು, ಆ ನಗು ಓಣಿಯವರೆಗೂ ಹೋಗುತ್ತಿತ್ತು. ಅವ್ವ ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಸುಲಿಯುತ್ತಿದ್ದಳು. ಅವಳ ಅನುಮಾನ ನನಗೂ ಅಂಟಿತು. ತಿಲಕ್ ನಗರದ ಅಂಗಡಿಯಿಂದ ಅಪ್ಪ ಬರುವುದು ತಡವಾದರೆ ಆ ಮಾಡನ್ನು ದಿಟ್ಟಿಸುತ್ತಾ ನಿಲ್ಲುತ್ತಿದ್ದೆ, ಯಾರಿಗಾಗಿ ಕಾಯುತ್ತಿದ್ದೀಯ ಎಂದು ಅದನ್ನೇ ಕೇಳುವಂತೆ.

ಹೋದದ್ದು ಅಪ್ಪನಲ್ಲ, ಅವ್ವ. ಜ್ವರ ಬಂತು, ಬಿಡಲಿಲ್ಲ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಕೂರಿಸುತ್ತಾರೆ. ಹೊರಗೆ ಜಡಿಮಳೆ. "ಚಪ್ಪರ ಯಾಕೆ, ಪೋರ್ಟಿಕೋದಲ್ಲೇ ಕೂರ್ಸಿ, ನೆನೆಯಲ್ಲ" ಎಂದರು ನೆಂಟರು.

"ಬೇಡ. ಅವ್ಳು ಅಲ್ಲಿಗೆ ಬರಲ್ಲ" ಎಂದ ಅಪ್ಪ.

ಮಳೆಯಲ್ಲೇ ನಿಂತು ಓಣಿಯಲ್ಲಿ ಗರಿ ಕಟ್ಟಿಸಿದ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಕೂತಳು. ಗರಿಯ ಸಂದಿನಿಂದ ನೀರು ಸೋರಿ ಅವಳ ವಿಭೂತಿ ಕರಗುತ್ತಿತ್ತು. ಅಪ್ಪ ಮತ್ತೆ ಮತ್ತೆ ಹಚ್ಚುತ್ತಿದ್ದ. ಮಣ್ಣು ಮಾಡಿ ಬಂದವನೇ, ಯಾರನ್ನೂ ಹತ್ತಿರ ಸೇರಿಸದೆ, ಆ ಚಪ್ಪರವನ್ನು ತಾನೇ ಬಿಚ್ಚಿದ. ಆಮೇಲೆ ಅವನ ಸೈಕಲ್ಲೂ ಓಣಿಯಲ್ಲೇ ಒಳಬರತೊಡಗಿತು.

ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಬಾಗಿಲ ಮೇಲೆ ಗಾಜಿನ ಮಾಡು. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಮೊಮ್ಮಗಳು, "ಅದಕ್ಕೆ ಕ್ಯಾನೋಪಿ ಅಂತಾರೆ ಅಜ್ಜಿ. ಸಖತ್ತಾಗಿದೆ ಅಲ್ವಾ? ಬಾ, ಕೆಳಗೆ ನಿಂತ್ಕೋ, ಫೋಟೋ ತೆಗೀತೀನಿ" ಎಂದಳು.

ಹೆಸರು ಏನಾದರೂ ಇರಲಿ, ಬಿಚ್ಚಲು ಬಾರದ್ದನ್ನು ನಾನು ನಂಬುವುದಿಲ್ಲ. ನಿಲ್ಲಲಿಲ್ಲ. ಪಕ್ಕಕ್ಕೆ ಹೋಗಿ ಓಣಿಯನ್ನು ಹುಡುಕಿದೆ. ಕಾಂಪೌಂಡ್ ಗೋಡೆಯವರೆಗೂ ಕಟ್ಟಿಬಿಟ್ಟಿದ್ದರು.