ಅಬ್ಬಾ ಕಟ್ಟಿದ ಗಾಳಿಗೋಪುರ

ನಮ್ಮ ಅಬ್ಬಾ ಇರಾನಿನವರು. ಆರ್ಕಿಟೆಕ್ಚರ್ ಓದಲು ಬೆಂಗಳೂರಿಗೆ ಬಂದವರು, ನಂಗಲಿಯ ಹುಡುಗಿಯಾದ ನಮ್ಮ ಅಮ್ಮಿಯನ್ನು ಮದುವೆಯಾಗಿ ಕೋಲಾರದಲ್ಲೇ ನಿಂತುಬಿಟ್ಟರು. ಅವರದು ಪುಸ್ತಕ ಓದಿ ಕಲಿತ ಕನ್ನಡ. ತರಕಾರಿ ಗಾಡಿಯವನಿಗೂ "ದಯವಿಟ್ಟು ಬದನೆಕಾಯಿಗಳನ್ನು ಕೊಡಿ" ಎನ್ನುತ್ತಿದ್ದರು. ಅವನು ಗಾಬರಿಬಿದ್ದು ಒಂದು ಹೆಚ್ಚಿಗೆ ಹಾಕುತ್ತಿದ್ದ.

ಫ್ಯಾನಿನ ಸದ್ದು ಕೇಳಿದರೆ ಅಮ್ಮಿಗೆ ತಲೆನೋವು. ಬೇಸಿಗೆಯಲ್ಲಿ ಒದ್ದೆ ಟವೆಲ್ ಸುತ್ತಿಕೊಂಡು ಅಡುಗೆ ಮಾಡುತ್ತಿದ್ದಳು. ಅದನ್ನು ನೋಡಲಾರದೆ ಅಬ್ಬಾ, ತಮ್ಮೂರಿನ ಹಳೇ ಮನೆಗಳಲ್ಲಿರುವಂತೆ, ಮೇಲಿನ ಗಾಳಿಯನ್ನು ಹಿಡಿದು ಒಳಗೆ ಇಳಿಸುವ ಇಟ್ಟಿಗೆಯ ಗೂಡೊಂದನ್ನು ತಾರಸಿಯ ಮೇಲೆ ಕಟ್ಟಿಸತೊಡಗಿದರು.

ಪಕ್ಕದ ಮನೆಯ ಅಕ್ಕ ಕಾಂಪೌಂಡಿನಾಚೆಯಿಂದ ಕೇಳಿದರು: "ಏನ್ ಸಾರ್ ಅದು?"

"ನನ್ನ ಹೆಂಡತಿಗಾಗಿ ಗಾಳಿಗೋಪುರ ಕಟ್ಟುತ್ತಿದ್ದೇನೆ."

"ಎಲ್ಲಾ ಗಂಡಂದಿರೂ ಅದನ್ನೇ ಸಾರ್ ಕಟ್ಟೋದು!"

ಅವರು ನಕ್ಕಿದ್ದೇಕೆಂದು ಅಮ್ಮಿ ಬಿಡಿಸಿ ಹೇಳಿದ ಮೇಲೆ ಅಬ್ಬಾ ಅರ್ಧ ದಿನ ಮುಖ ಊದಿಸಿಕೊಂಡಿದ್ದರು.

ಗೋಪುರ ಮುಗಿಯಿತು. ನಿಜಕ್ಕೂ ತಂಪು ಗಾಳಿ ಇಳಿಯಿತು. ಅಮ್ಮಿ ಅದರ ಕೆಳಗೆ ಕಣ್ಣುಮುಚ್ಚಿ ನಿಂತಳು. ಅಷ್ಟರಲ್ಲಿ ಪಕ್ಕದ ಅಕ್ಕ ಒಣಮೆಣಸಿನಕಾಯಿ ಹುರಿದರು. ಅವರ ಅಡುಗೆಮನೆಗಿದ್ದದ್ದು ಒಂದೇ ಕಿಟಕಿ, ಅದೂ ನಮ್ಮ ಕಡೆಗೆ. ಘಾಟೆಲ್ಲ ಗೋಪುರದಿಂದ ಇಳಿದು, ನಾವೆಲ್ಲ ಕೆಮ್ಮುತ್ತಾ ಬೀದಿಗೆ ಬಂದೆವು.

ಮರುದಿನ ಅಬ್ಬಾ ಗೋಪುರ ಮುಚ್ಚಿಸಲು ಮೇಸ್ತ್ರಿಯನ್ನು ಕರೆಸಿದರು. ಆಗ ಗೋಪುರದೊಳಗಿಂದ ಪಕ್ಕದ ಅಕ್ಕನ ದನಿ ಸ್ಪಷ್ಟವಾಗಿ ಇಳಿದು ಬಂತು. ಗಂಡನನ್ನು ಬೈಯುತ್ತಿದ್ದರು: "ಏಮಯ್ಯಾ, ಎಲ್ಲಿಂದ್ಲೋ ಬಂದ ಮನುಷ್ಯ ಹೆಂಡ್ತಿಗೆ ಗಾಳಿ ತರಿಸ್ಕೊಟ್ಟ. ಬೀದಿ ಕಡೆ ಒಂದು ಕಿಟಕಿ ಇಡ್ಸು ಅಂತ ನಾನು ಎಷ್ಟು ಬಡ್ಕೊಂಡೆ?"

ಅಬ್ಬಾ ಕಿವಿಯವರೆಗೂ ಕೆಂಪಾದರು. ಅಮ್ಮಿ ಮಾತ್ರ ಗೋಪುರದ ಕೆಳಗೆ ಇನ್ನಷ್ಟು ಸರಿದು ನಿಂತು, ಮೇಸ್ತ್ರಿಗೆ "ಸುಮ್ನಿರಿ, ಕೇಳಿಸ್ತಿಲ್ಲ" ಎಂದಳು.

ಅಬ್ಬಾ ಅದೇ ಮೇಸ್ತ್ರಿಯನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದರು. "ಕ್ಷಮಿಸಿ, ತಮ್ಮ ಗೋಡೆಯನ್ನು ಒಡೆಯಬಹುದೇ?" ಎಂದು ಕೇಳಿದರು. ಅಕ್ಕನ ಗಂಡ ಬಾಯಿ ತೆರೆಯುವ ಮೊದಲೇ ಅಕ್ಕ "ಒಡೀರಿ ಸಾರ್!" ಎಂದರು. ಬೀದಿ ಕಡೆಗೆ ಕಿಟಕಿ ಬಂತು, ಹಳೇ ಕಿಟಕಿ ಮುಚ್ಚಿತು, ಘಾಟೂ ಬೀದಿಪಾಲಾಯಿತು. ಅಕ್ಕನ ಗಂಡ ಮಾತ್ರ ಈಗಲೂ ಅಬ್ಬಾ ಎದುರಾದರೆ ಆಕಾಶ ನೋಡುತ್ತಾರೆ.

ಅಮ್ಮಿಗೂ ಪೂರ್ತಿ ಸಮಾಧಾನವಿಲ್ಲ. "ಗಾಳಿಯೇನೋ ಚೆನ್ನಾಗೈತೆ," ಎನ್ನುತ್ತಾಳೆ, "ಸಮಾಚಾರ ಒಂದೂ ಬರಲ್ಲ."