ಎಮ್ಮೆ ತಿಂದ ರೊಟ್ಟಿ

ಅಪ್ಪನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೊಳಕೂರಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚಬಾರದು, ಓಣಿಯವರು ರೊಟ್ಟಿ ಪಲ್ಯ ತಂದು ಉಣಿಸಬೇಕು. ನಾವು ಕ್ರೈಸ್ತರಾದರೂ ಈ ರೂಢಿಯನ್ನು ಅವ್ವ ಬಿಟ್ಟವಳಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಬೆಳಗಿನ ಗುಳಿಗೆ ನುಂಗಿ ಏನೂ ತಿನ್ನದೆ ಹಾಗೇ ಕುಳಿತಿದ್ದಳು, ಕೈ ನಡುಗಲು ಶುರುವಾಗಿತ್ತು. ಸಕ್ಕರೆ ನೀರು ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಸರಿಸಿದಳು.

"ಯವ್ವಾ, ಗ್ಯಾಸ್ ಹಚ್ಚತೇನಿ, ಒಂದೀಟು ಉಪ್ಪಿಟ್ಟರ ಮಾಡ್ತೇನಿ ಬೇ," ಅಂದೆ.

"ಬ್ಯಾಡ. ಓಣಿಯಿಂದ ಬರ್ತದ."

ಯಾರ ಮನೆಯಿಂದ? ನಮ್ಮ ಚರ್ಚಿನ ಸಭೆಯವರೆಲ್ಲ ಜೇವರ್ಗಿಯವರು. ಮಣ್ಣಿಗೆ ಬಂದು, ಹಾಡಿ, ಪ್ರಾರ್ಥನೆ ಮಾಡಿ, ಬಸ್ಸು ಹಿಡಿದು ಹೋಗಿದ್ದರು. ಊಟಕ್ಕೆ ಓಣಿಯಿದೆ ಅಂದುಕೊಂಡಿರಬೇಕು. ಆ ಓಣಿಯಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಎಡಕ್ಕೂ ಬಲಕ್ಕೂ ನಮ್ಮ ಕೈಯ ನೀರನ್ನೂ ಕುಡಿಯದವರು.

ಹಾಗಿದ್ದೂ ಯಾರ ಮನೆಯಲ್ಲಿ ಸಾವಾದರೂ ಮೊದಲು ಕೇಳುವುದು ಅವ್ವ ರೊಟ್ಟಿ ಬಡಿಯುವ ಸಪ್ಪಳ. ಕಳೆದ ವರ್ಷ ಎದುರುಮನೆಯ ಅಜ್ಜ ಹೋದಾಗಲೂ ಜೋಳದ ರೊಟ್ಟಿ, ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿ ಅವರ ಕಟ್ಟೆಯ ಮೇಲಿಟ್ಟು ಬಂದಿದ್ದಳು. ಅದನ್ನು ಎಮ್ಮೆಗೆ ಹಾಕಿದರಂತೆ ಅಂತ ಊರೆಲ್ಲ ಆಡಿಕೊಂಡಿತು. ಆಳಂದದಲ್ಲಿದ್ದ ನನಗೆ ಫೋನಿನಲ್ಲಿ ಸುದ್ದಿ ಮುಟ್ಟಿ ಮೈ ಉರಿದುಹೋಯಿತು.

"ಮತ್ಯಾಕ ಕೊಡ್ತೀ ಬೇ? ಮಾನ ಮರ್ಯಾದಿ ಇಲ್ಲೇನು?" ಅಂದೆ ಅವ್ವನಿಗೆ ಫೋನು ಮಾಡಿ.

"ಹಸದವ್ರಿಗಿ ಕೊಡು ಅಂದಾನ ಸ್ವಾಮಿ. ತಿಂದ್ರೋ ಇಲ್ಲೋ ನೋಡಿ ಬಾ ಅಂದಿಲ್ಲ," ಅಂದಳು. "ಎಮ್ಮಿಗೂ ಹಸಿವಿರ್ತದ," ಅಂತಲೂ ಸೇರಿಸಿದಳು. ಇಂಥವಳ ಕೂಡ ಜಗಳಾಡಿ ಗೆದ್ದವರುಂಟೇ!

ಬಾಗಿಲಿಗೆ ಹೋಗಿ ಬಂದೆ. ಮತ್ತೆ ಹೋದೆ. ಓಣಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಎದುರುಮನೆಯ ಒಗ್ಗರಣೆಯ ವಾಸನೆ ಮಾತ್ರ ನಮ್ಮ ಪಡಸಾಲೆಯ ತನಕ ಬಂತು. ಜೇವರ್ಗಿಯ ಖಾನಾವಳಿಯಿಂದಲಾದರೂ ತರೋಣವೆಂದು ಚಪ್ಪಲಿ ಮೆಟ್ಟಿದೆ. "ಸುಮ್ನ ಕೂಡು," ಅಂದಳು ಅವ್ವ ಒಳಗಿಂದಲೇ. ಕುಳಿತೆ, ಎದ್ದೆ. ಅಪ್ಪ ಹೋದ ದುಃಖ ಎಲ್ಲೋ ಹಿಂದೆ ನಿಂತಿತ್ತು. ಊರಿಗೆಲ್ಲ ಉಣಿಸಿದವಳನ್ನು ಈ ಓಣಿ ಉಪವಾಸ ಕೆಡವುತ್ತದೆ, ಅದನ್ನು ಅವಳು ಕಣ್ಣಾರೆ ನೋಡುತ್ತಾಳೆ ಅನ್ನುವುದೇ ನನ್ನನ್ನು ಸುಡುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಎದುರುಮನೆಯ ಅಜ್ಜಿ ಬಂದರು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಬುಟ್ಟಿ. ಅವರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವ್ವನ ಮಗ್ಗುಲಿಗೆ ಕುಳಿತು ಬಟ್ಟೆ ಬಿಚ್ಚಿದರು. "ತಡಾ ಆತು ತಂಗಿ. ಮಗನ ಕೂಡ ಜಗಳಾ ಮಾಡಿ ಬರಾದಾತು."

ನನಗೆ ತಡೆಯಲಾಗಲಿಲ್ಲ. "ನಮ್ಮ ರೊಟ್ಟಿ ನಿಮ್ಮ ಎಮ್ಮಿ ತಿಂತದ, ನಿಮ್ಮ ರೊಟ್ಟಿ ನಾವು ತಿನ್ನಬೇಕೇನ್ರಿ?" ಅಂದೆ. ಅವ್ವ ನನ್ನ ಮೇಲೆ ಕಣ್ಣು ಬಿಟ್ಟಳು.

ಅಜ್ಜಿ ರೊಟ್ಟಿ ಮುರಿಯುತ್ತಲೇ ಇದ್ದರು. "ಎಮ್ಮಿಗಿ ಹಾಕಿದ್ವಿ ಅಂತ ಓಣಿಗಿ ಹೇಳ್ದಾಕಿ ನಾನೇ," ಅಂದರು. "ಅವತ್ತು ನಮ್ಮ ಮಂದಿ ಬರೂದು ಸಂಜಿ ಆತು. ಹಸಿವಿ ತಡೀಲಿಲ್ಲ. ನಾನೂ ಸೊಸಿ ಬಾಗಿಲಾ ಹಾಕ್ಕೊಂಡು ತಿಂದೀವಿ."

ಅವ್ವ ಮೊದಲ ತುತ್ತು ಬಾಯಿಗಿಟ್ಟು, ನಿಧಾನ ಅಗಿದು, ಕೇಳಿದಳು:

"ಅವತ್ತಿನ ಪಲ್ಯಾಕ ಉಪ್ಪು ಬರೋಬ್ಬರ ಇತ್ತೇನ್ರಿ ಅಕ್ಕಾರ?"

"ಉಪ್ಪು ಬರೋಬ್ಬರ ಇತ್ತು. ಖಾರ ಜರಾ ಹೆಚ್ಚಾಗಿತ್ತು."

ಬೆಳಗಿನಿಂದ ಅಳದ ಅವ್ವ ಆಗ ಅತ್ತಳು. ಅಳುತ್ತಲೇ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.